ಜಂಗಮವಾಣಿ ಪಿಶಾಚ ನಿರ್ಣಯ

ಶಾಸ್ತ್ರ ಬರೆಯುವವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿ ಮುಗಿಸುತ್ತೇನೆ. ವಿಷಯ: ಮೊಬೈಲಿನಲ್ಲಿ ವಾಸವಿದ್ದು ಮನುಷ್ಯರನ್ನು ಹಿಡಿಯುವ ಶಕ್ತಿಗಳು. ಪ್ರಯೋಜನ: ಹಿಡಿದಿರುವುದು ಯಾವುದೆಂದು ತಿಳಿಯುವುದು, ಬಿಡಿಸುವ ಶಾಸ್ತ್ರ ಬೇರೆಯೇ ಇದೆ. ಸಂಬಂಧ: ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಆ್ಯಪ್ ಕಟ್ಟುವವರ ಬಾಯಲ್ಲಿ ಓಡಾಡುವ ಪದಗಳಿಗೂ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೂ ಇರುವಂಥದ್ದು. ಅಧಿಕಾರಿ: ಬ್ಯಾಟರಿ ಕೆಂಪಗಾದಾಗ ಎದೆ ಢವಢವ ಎನ್ನುವ ಯಾರಾದರೂ ಸರಿ.

ಪರದೇಶದ ಪಂಡಿತರು ಈ ಪದಗಳನ್ನೆಲ್ಲ ಅಕಾರಾದಿಯಲ್ಲಿ ಜೋಡಿಸುತ್ತಾರೆ. ಯೋಚಿಸಲು ಬೇಸರವಾದಾಗ ಹಿಡಿಯುವ ದಾರಿ ಅದು. ನಾನು ಬೇರೆ ಕ್ರಮ ಹಿಡಿದಿದ್ದೇನೆ. ಉಕ್ಕಡಗಾತ್ರಿಯಲ್ಲಿ ತುಂಗಭದ್ರೆಯ ದಡಕ್ಕೆ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯಿದೆ. ಅಮಾವಾಸ್ಯೆಗೆ ಕಾಲಿಡಲು ಜಾಗವಿರುವುದಿಲ್ಲ. ಗಾಳಿ ಸೋಕಿದೆ ಎಂದು ಮನೆಯವರು ನಂಬಿದವರನ್ನು ಅಲ್ಲಿಗೆ ಕರೆತರುತ್ತಾರೆ. ಮೈಮೇಲೆ ಬಂದದ್ದನ್ನು ನಮ್ಮ ಕಡೆಯ ಹಿರಿಯರು ಕೇಳುವ ಪ್ರಶ್ನೆಗಳು ನಾಲ್ಕೇ: ಯಾರಲೇ ನೀನು? ಎಲ್ಲಿ ಹಿಡ್ಕಂಡಿ? ಏನ್ ಬೇಕು? ಯಾವಾಗ ಬಿಟ್ಟು ಹೋಗ್ತಿ? ಇಷ್ಟು ಚೊಕ್ಕ ವರ್ಗೀಕರಣ ಯಾವ ವಿಶ್ವವಿದ್ಯಾಲಯದಲ್ಲೂ ನನಗೆ ಸಿಕ್ಕಿಲ್ಲ.

ಯಾರಲೇ ನೀನು ಎಂದರೆ ಕುಲ ಮೂರು. ಮನುಷ್ಯನ ಮನಸ್ಸಿನಲ್ಲೇ ಹುಟ್ಟಿದ್ದು ಮನೋಜ. ವಿನ್ಯಾಸಕಾರನ ಕೈಯಲ್ಲಿ ಹುಟ್ಟಿದ್ದು ಹಸ್ತಜ. ಕಂಪನಿಯ ಲೆಕ್ಕದ ಹಾಳೆಯಲ್ಲಿ ಹುಟ್ಟಿದ್ದು ಲೆಕ್ಕಜ.

ಮನೋಜಗಳಲ್ಲಿ ಹಿರಿಯದು ನಷ್ಟಭೀತಿ. ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ಕಳೆದ ಸಂಕಟ ದೊಡ್ಡದೆಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಬರೆದರು. 'ನಿಮ್ಮ 200 ಕಾಯಿನ್ ಇಂದು ಮಧ್ಯರಾತ್ರಿಗೆ ಮುಗಿಯುತ್ತದೆ' ಎಂಬ ಸಂದೇಶದಲ್ಲಿ ಕೂತಿರುವುದು ಇದೇ. ಆ ಕಾಯಿನ್ ನಿಮ್ಮದಾಗಿತ್ತೆಂಬುದು ಕಳೆದುಕೊಳ್ಳುವ ಹೊತ್ತಿಗಷ್ಟೇ ಗೊತ್ತಾಗುತ್ತದೆ. ಸೋದರ ಪಿಶಾಚ ಸಂಕ್ ಕಾಸ್ಟ್: ಇಷ್ಟು ಸುರಿದಾಗಿದೆ, ಇನ್ನಷ್ಟು ಸುರಿಯೋಣ ಎನ್ನುವುದು. ಇದು ಮೊಬೈಲಿಗಿಂತ ಹಳೆಯದು. ಕೊಳವೆಬಾವಿ ಕೊರೆಸಿದ ರೈತರೆಲ್ಲರಿಗೂ ಪರಿಚಿತ.

ಹಸ್ತಜಗಳಲ್ಲಿ ಡಿಫಾಲ್ಟ್ ಎಂಬುದು ಮೂಕ. ನೀವು ಏನೂ ಮಾಡದಿದ್ದಾಗ ಅದು ತನ್ನ ಕೆಲಸ ಮುಗಿಸಿರುತ್ತದೆ. ನಡ್ಜ್ ಎಂಬುದು ಸಾಧು ವೇಷದ್ದು. 2008ರಲ್ಲಿ ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ ಆ ಹೆಸರಿನ ಪುಸ್ತಕ ಬರೆದರು, 2017ರಲ್ಲಿ ಥೇಲರ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಒಳ್ಳೆಯದರ ಕಡೆಗೆ ಮೆಲ್ಲಗೆ ತಳ್ಳುವುದು ಅವರ ಉದ್ದೇಶ. ತಳ್ಳುವುದನ್ನು ಕಲಿತವರು ಬಹಳ ಮಂದಿ, ಯಾವ ಕಡೆಗೆ ಎಂಬ ಪುಟವನ್ನು ಓದಿದವರು ಕಡಿಮೆ.

ಇನ್ನು ಫ್ರಿಕ್ಷನ್, ಎಂದರೆ ದಾರಿಯಲ್ಲಿ ಎದುರಾಗುವ ತಡೆ. ಇದು ಪಿಶಾಚವೋ ದೈವವೋ ಎಂಬುದು ವಿವಾದಗ್ರಸ್ತ. ಮಳೆಗಾಲದಲ್ಲಿ ಹೊಳೆ ಏರಿದರೆ ಫತ್ಯಾಪುರ–ಉಕ್ಕಡಗಾತ್ರಿ ರಸ್ತೆ ಮುಳುಗುತ್ತದೆ. ಸುತ್ತು ಹಾಕಿ ಬರುವವನಿಗೆ ಯೋಚಿಸಲು ದಾರಿಯುದ್ದಕ್ಕೂ ಹೊತ್ತಿರುತ್ತದೆ: ಹೋಗಲೇಬೇಕೆ, ಮುಂದಿನ ಅಮಾವಾಸ್ಯೆಗೆ ಆಗದೆ? ಡಿಜಿಟಲ್ ವ್ಯಾಪಾರಿಗೆ ಸಿಡಿಲು ಬಡಿದಂತಾಗುವುದು ಈ ಯೋಚನೆಯಿಂದಲೇ. ಆದ್ದರಿಂದ ಕೊಳ್ಳುವ ದಾರಿಯಲ್ಲಿ ಅವನು ಒಂದು ಹನಿ ನೀರೂ ನಿಲ್ಲಗೊಡುವುದಿಲ್ಲ. ಬಿಟ್ಟು ಹೋಗುವ ದಾರಿಗೆ ಹೊಳೆಯನ್ನೇ ಹರಿಸುತ್ತಾನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ತೆರಿಗೆ ನೋಟಿಸು ಬಂದಾಗ ಬೆಂಗಳೂರಿನ ಸಣ್ಣ ವ್ಯಾಪಾರಿಗಳು ಕ್ಯೂಆರ್ ಹಾಳೆ ಕಿತ್ತು 'ನಗದು ಮಾತ್ರ' ಎಂದು ಬರೆದರು. ಮರೆತೇಹೋಗಿದ್ದ ಫ್ರಿಕ್ಷನ್ ಒಂದೇ ವಾರದಲ್ಲಿ ಚಿಲ್ಲರೆಯ ರೂಪದಲ್ಲಿ ವಾಪಸು ಬಂತು.

ಲೆಕ್ಕಜಗಳಿಗೆ ಮುಖವಿಲ್ಲ, ಗ್ರಾಫ್ ಇದೆ. ಒಳಬಂದವರಲ್ಲಿ ಕೊಂಡವರೆಷ್ಟೆಂದು ಎಣಿಸುವ ಫನೆಲ್, ಉಳಿದವರೆಷ್ಟೆಂದು ಎಣಿಸುವ ರಿಟೆನ್ಷನ್, ಬಿಟ್ಟವರೆಷ್ಟೆಂದು ಎಣಿಸುವ ಚರ್ನ್ ಇವುಗಳ ಹೆಸರು. ಇವು ನಿಮ್ಮ ಮೊಬೈಲಿಗೆ ಬರುವುದೇ ಇಲ್ಲ. ಸೋಮವಾರದ ಮೀಟಿಂಗಿನಲ್ಲಿ ಗೋಡೆಯ ಮೇಲೆ ಕಾಣಿಸಿಕೊಂಡು ನೌಕರರನ್ನು ಹಿಡಿಯುತ್ತವೆ. ಹಿಡಿಸಿಕೊಂಡ ನೌಕರ ಹಸ್ತಜಗಳನ್ನು ಸೃಷ್ಟಿಸುತ್ತಾನೆ, ಅವು ಮನೋಜಗಳನ್ನು ಎಬ್ಬಿಸುತ್ತವೆ. ಪದಕೋಶಗಳು ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದರಿಂದ ಯಜಮಾನ ಯಾರು, ಆಳು ಯಾರು ಎಂಬುದೇ ಮರೆಯಾಗಿದೆ. ನನ್ನ ಮಟ್ಟಿಗೆ ಮೂಲ ಪಿಶಾಚ ಲೆಕ್ಕಜವೇ.

ಎಲ್ಲಿ ಹಿಡ್ಕಂಡಿ? ಹಿಂದೆ ಇದಕ್ಕೆ ಹುಣಸೆಮರ, ಕೆರೆ ಏರಿ, ಮಟಮಟ ಮಧ್ಯಾಹ್ನ ಎಂದು ಉತ್ತರ ಬರುತ್ತಿತ್ತು. ಈಗ ಹೊಸಿಲು, ಅಂಗಡಿ, ಹಾಸಿಗೆ. ಹೊಸಿಲಲ್ಲಿ ಹಿಡಿಯುವುದು ಹೊಸಬರನ್ನು ಒಳಗೆ ಕರೆದುಕೊಳ್ಳುವ ಆನ್‌ಬೋರ್ಡಿಂಗ್. ಅಂಗಡಿಯಲ್ಲಿ, ನೀವು ಹಾಕದ ವಿಮೆಯೊಂದು ಬುಟ್ಟಿಯಲ್ಲಿ ಕಂಡರೆ, ಅದು ಬಾಸ್ಕೆಟ್ ಸ್ನೀಕಿಂಗ್. ಹಾಸಿಗೆಯಲ್ಲಿ ಹಿಡಿಯುವ ಅನಂತ ಸ್ಕ್ರೋಲನ್ನು ಕಟ್ಟಿದವರು ಏಝಾ ರಾಸ್ಕಿನ್, 2006ರಲ್ಲಿ. ಆಮೇಲೆ ಅವರೇ ಪಶ್ಚಾತ್ತಾಪ ಪಟ್ಟರು. ಮಂತ್ರವಾದಿಗಳ ಇತಿಹಾಸದಲ್ಲಿ ಇದು ಹೊಸದಲ್ಲ.

ಏನ್ ಬೇಕು? ಹಳೆಯವು ಹೋಳಿಗೆ, ಕೋಳಿ, ಹಸಿರು ಸೀರೆ ಕೇಳುತ್ತಿದ್ದವು. ಕೇಳಿದ್ದನ್ನು ಕೊಟ್ಟರೆ ಮುಗಿಯಿತು. ಈಗಿನವು ಕಾಂಟ್ಯಾಕ್ಟ್ ಪಟ್ಟಿ ಕೇಳುತ್ತವೆ, ಇರುವ ಜಾಗ ಕೇಳುತ್ತವೆ, ಐದು ನಕ್ಷತ್ರ ಕೇಳುತ್ತವೆ. ಟಾರ್ಚ್ ಆ್ಯಪಿಗೆ ನನ್ನ ಭಾವಮೈದುನನ ನಂಬರು ಏಕೆ ಬೇಕೆಂಬುದಕ್ಕೆ ಯಾವ ಭಾಷ್ಯದಲ್ಲೂ ಸಮಾಧಾನವಿಲ್ಲ.

ಕೊಡುವಂತೆ ಕಾಣಿಸಿ ಕೇಳುವ ಒಂದು ಉಪಜಾತಿಯಿದೆ. ಗೂಗಲ್ 2017ರಲ್ಲಿ ತೇಝ್ ಎಂಬ ಹೆಸರಿನಲ್ಲಿ ತಂದು, ಆಮೇಲೆ ಗೂಗಲ್ ಪೇ ಎಂದು ಕರೆದ ಆ್ಯಪಿನ ಸ್ಕ್ರ್ಯಾಚ್ ಕಾರ್ಡ್ ಇದರ ಉದಾಹರಣೆ. ಉಜ್ಜಿದರೆ ಒಮ್ಮೆ ಹನ್ನೊಂದು ರೂಪಾಯಿ, ಒಮ್ಮೆ 'ಬೆಟರ್ ಲಕ್ ನೆಕ್ಸ್ಟ್ ಟೈಮ್'. ಯಾವಾಗ ಬರುತ್ತದೆಂದು ತಿಳಿಯದ ಬಹುಮಾನ ಗಟ್ಟಿಯಾಗಿ ಹಿಡಿಯುತ್ತದೆಂಬುದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಿಂದ ಕಲಿತ ಪಾಠ. ಸ್ಕಿನ್ನರ್ 1948ರಲ್ಲಿ ಇನ್ನೊಂದು ಸೊಗಸಾದ ಪ್ರಯೋಗ ಪ್ರಕಟಿಸಿದ್ದರು. ಪಾರಿವಾಳ ಏನು ಮಾಡಿದರೂ ಬಿಟ್ಟರೂ ಗಡಿಯಾರಕ್ಕೆ ಸರಿಯಾಗಿ ಕಾಳು ಬೀಳುವಂತೆ ಮಾಡಿದರು. ಒಂದು ಗಿರಗಿರ ಸುತ್ತತೊಡಗಿತು, ಇನ್ನೊಂದು ತಲೆ ಆಡಿಸತೊಡಗಿತು. ಕಾಳು ತನ್ನ ಕುಣಿತಕ್ಕೇ ಬಿತ್ತೆಂಬಂತೆ. ಬಲಗೈ ಹೆಬ್ಬೆರಳಿನಿಂದ ಉಜ್ಜಿದರೇ ಕ್ಯಾಶ್‌ಬ್ಯಾಕ್ ಎಂದು ನಂಬುವ ಪದವೀಧರರನ್ನು ದಾವಣಗೆರೆಯ ಬೆಣ್ಣೆದೋಸೆ ಹೋಟೆಲುಗಳ ಕ್ಯೂಆರ್ ಮುಂದೆ ಯಾರು ಬೇಕಾದರೂ ನೋಡಬಹುದು. ಅದೇ ಪದವೀಧರರು ಉಕ್ಕಡಗಾತ್ರಿಗೆ ಹೋಗುವವರನ್ನು ಕಂಡು ನಗುತ್ತಾರೆ.

ಇಲ್ಲಿ ಪೂರ್ವಪಕ್ಷ: ಹಾಗಾದರೆ 'ಪುಕ್ಕಟೆ ಸಿಗುವುದೆಲ್ಲ ಪಿಶಾಚ' ಎಂದು ಲಕ್ಷಣ ಮಾಡಬಾರದೆ? ಸೊನ್ನೆ ಬೆಲೆಗೆ ಮರುಳು ಮಾಡುವ ಶಕ್ತಿ ಇರುವುದಂತೂ ನಿಜ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಳ್ಳೆಯ ಚಾಕೊಲೇಟಿಗೆ 15 ಸೆಂಟು, ಸಾಧಾರಣದ್ದಕ್ಕೆ 1 ಸೆಂಟು ಇಟ್ಟಾಗ ಕೊಂಡವರಲ್ಲಿ ಹೆಚ್ಚಿನವರು ಒಳ್ಳೆಯದನ್ನೇ ಆರಿಸಿದರು. ಎರಡಕ್ಕೂ ಒಂದೊಂದು ಸೆಂಟು ಇಳಿಸಿ ಸಾಧಾರಣದ್ದನ್ನು ಪುಕ್ಕಟೆ ಮಾಡಿದೊಡನೆ ಜನ ಅತ್ತ ನುಗ್ಗಿದರು. ಆದರೂ ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹಿಡಿದು ಅಮಾವಾಸ್ಯೆಗೆ ಹೊರಡುವ ಹೆಂಗಸರನ್ನೆಲ್ಲ ಬಸ್ಸಿನ ಮೆಟ್ಟಿಲಲ್ಲೇ ಪಿಶಾಚಗ್ರಸ್ತರೆಂದು ಸಾರಬೇಕಾಗುತ್ತದೆ. ಆ ಟಿಕೆಟ್ಟಿನ ದುಡ್ಡು ಯಾರು ಕೊಡುತ್ತಾರೆಂಬುದು ಕಂಡಕ್ಟರಿಗೂ ಗೊತ್ತು, ಕೂತವರಿಗೂ ಗೊತ್ತು, ನಿಂತು ಗೊಣಗುವ ಗಂಡಸರಿಗೆ ಇನ್ನೂ ಚೆನ್ನಾಗಿ ಗೊತ್ತು. ಕೊಡುವವರು ಯಾರೆಂದು ಮರೆಸಿದ ಪುಕ್ಕಟೆ ಮಾತ್ರ ಈ ಶಾಸ್ತ್ರದ ವ್ಯಾಪ್ತಿಗೆ ಬರುತ್ತದೆಂದು ಸಿದ್ಧಾಂತ.

ಉಳಿದದ್ದು ಯಾವಾಗ ಬಿಟ್ಟು ಹೋಗ್ತಿ ಎಂಬುದು. ಮೇಲಿನ ಮೂರು ಪ್ರಶ್ನೆಗೆ ಏನೇ ಉತ್ತರ ಬಂದರೂ ಪಿಶಾಚದ ನಿಜವಾದ ಜಾತಿ ತಿಳಿಯುವುದು ಇಲ್ಲಿ. ಹರಕೆ ಹೊತ್ತವರು ಇಷ್ಟು ಅಮಾವಾಸ್ಯೆ ನಡೆದುಕೊಳ್ಳುತ್ತೇವೆ ಎಂದು ಲೆಕ್ಕ ಕಟ್ಟುತ್ತಾರೆ. ತೀರಿದ ಮೇಲೆ ಹರಕೆ ತೀರಿತು. ಚಂದಾ ಎಂಬ ಆಧುನಿಕ ಹರಕೆಗೆ ತೀರುವ ದಿನವೇ ಇಲ್ಲ. ಬ್ಯಾಂಕಿನಿಂದ ತಾನಾಗಿ ಕೀಳುವ ಮೊದಲು ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಬೇಕಾಯಿತು. ಅದು 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ಹೋಗಗೊಡದ್ದೂ ಸೇರಿದಂತೆ ಮರುಳು ಮಾಡುವ ವಿನ್ಯಾಸಗಳಿಗೆಲ್ಲ ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸಕಾರ 2010ರಲ್ಲಿ ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟರು. ಭಾರತ ಸರ್ಕಾರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿತು. 'ಬೇಡ, ನನಗೆ ಉಳಿತಾಯ ಇಷ್ಟವಿಲ್ಲ' ಎಂಬ ಗುಂಡಿ ಒತ್ತಿಸಿ ನಾಚಿಸುವ ಕನ್‌ಫರ್ಮ್ ಶೇಮಿಂಗ್ ಅದರಲ್ಲಿದೆ, ಬೇಡವೆಂದರೂ ಮತ್ತೆ ಮತ್ತೆ ಕೇಳುವ ನ್ಯಾಗಿಂಗ್ ಇದೆ. ಪಟ್ಟಿ ಶ್ಲಾಘನೀಯ, ಶಾಸ್ತ್ರೀಯವಾಗಿ ಮಾತ್ರ ಸಂಕರದೋಷದಿಂದ ಕೂಡಿದೆ. ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಮತ್ತು ಸಾಫ್ಟ್‌ವೇರ್ ಚಂದಾಕ್ಕೆ ಸದ್ದಿಲ್ಲದೆ ದುಡ್ಡು ಕೀಳುವ ಸಾಸ್ ಬಿಲ್ಲಿಂಗ್ ಒಂದೇ ಕೊಟ್ಟಿಗೆಯವು; ಬೇರೆ ಬೇರೆ ಕಟ್ಟಿದ್ದೇಕೆಂದು ವ್ಯಾಕರಣಕಾರ ಕೇಶಿರಾಜನಾದರೂ ಕೇಳುತ್ತಿದ್ದ.

ಬಿಟ್ಟಂತೆ ಕಂಡರೂ ಬಿಡದ ಇನ್ನೊಂದು ಬಗೆಯಿದೆ. ಉಕ್ಕಡಗಾತ್ರಿಯಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟು ಬರುತ್ತಾರೆ. ಪೀಡೆ ಹೋಯಿತೆಂದು ಅವರ ಲೆಕ್ಕ. ಬಟ್ಟೆ ಮಾತ್ರ ಅಲ್ಲೇ ಕಲ್ಲಿಗೆ ಸಿಕ್ಕಿ ರಾಶಿಯಾಗಿ ನದಿಯನ್ನು ಕೆಡಿಸುತ್ತದೆ. ಆ್ಯಪ್ ಅಳಿಸಿ ನಿಟ್ಟುಸಿರು ಬಿಡುವವರೂ ಇದನ್ನೇ ಮಾಡುತ್ತಾರೆ: ಚಿತ್ರ ಹೋಗುತ್ತದೆ, ಖಾತೆ ಯಾವುದೋ ಸರ್ವರಿನಲ್ಲಿ ಉಳಿಯುತ್ತದೆ. ಮಾಹಿತಿ ಅಳಿಸೆಂದು ಕೇಳುವ ಹಕ್ಕನ್ನು 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಬರೆದಿದ್ದಾರೆ. ನಿಜವಾಗಿ ಕಾಯಿಲೆಯ ಮಟ್ಟಕ್ಕೆ ಹಿಡಿದಿದ್ದರೆ ಈ ಗ್ರಂಥ ಮುಚ್ಚಿಟ್ಟು ವೈದ್ಯರ ಬಳಿ ಹೋಗತಕ್ಕದ್ದು. ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು ಶಟ್ ಎಂಬ ಚಿಕಿತ್ಸಾಲಯ ತೆರೆದಿದೆ.

ಯಾವ ಕುಲಕ್ಕೂ ಸೇರದ ಒಂದನ್ನು ಪ್ರಕೀರ್ಣದಲ್ಲಿ ಇಟ್ಟಿದ್ದೇನೆ: ಬಂಧುಗಳ ವಾಟ್ಸ್‌ಆ್ಯಪ್ ಗುಂಪು. ಇದನ್ನು ಯಾವ ವಿನ್ಯಾಸಕಾರನೂ ಸೃಷ್ಟಿಸಲಿಲ್ಲ, ಎಲ್ಲರೂ ಇರುವುದರಿಂದ ನಾವೂ ಇರಬೇಕಾಗುವ ನೆಟ್‌ವರ್ಕ್ ಎಫೆಕ್ಟ್ ಎಂದರೆ ಅಷ್ಟಕ್ಕೇ ಮುಗಿಯುವುದೂ ಇಲ್ಲ. ಮ್ಯೂಟ್ ಮಾಡಿದರೆ ದಿಗ್ಬಂಧನವಾಯಿತೇ ಹೊರತು ಉಚ್ಚಾಟನೆಯಲ್ಲ. ಸದ್ದಿಲ್ಲದೆ ಹೊರಬೀಳಲು 2022ರಲ್ಲಿ ಕಂಪನಿಯೇ ಒಂದು ಬಾಗಿಲು ಮಾಡಿತು: ಬಿಟ್ಟ ಸೂಚನೆ ಎಲ್ಲರಿಗೂ ಹೋಗುವುದಿಲ್ಲ, ಅಡ್ಮಿನ್‌ಗೆ ಮಾತ್ರ ಹೋಗುತ್ತದೆ. ಅಡ್ಮಿನ್ ಹೆಂಡತಿಯ ಸೋದರಮಾವನಾಗಿರುವ ಪಕ್ಷದಲ್ಲಿ ಈ ಬಾಗಿಲಿಗೆ ಪ್ರಾಮಾಣ್ಯವಿಲ್ಲ.