ಮುಕ್ಕಾಲು ಟ್ಯಾಂಕಿನ ಸಾಹೇಬ

ಬೇಸಿಗೆಯ ಭಾನುವಾರ ಇಂಗ್ಲೆಂಡಿನ ಯಾವ ಹಳ್ಳಿಗೆ ಹೋದರೂ ಪಬ್ಬಿನ ಮುಂದೆ ಈತ ಸಿಕ್ಕೇ ಸಿಗುತ್ತಾನೆ. ಅರವತ್ತು ದಾಟಿದ ವಯಸ್ಸು, ತಲೆಗೆ ಚಪ್ಪಟೆ ಟೋಪಿ, ಕೈಯಲ್ಲಿ ಒರೆಸುವ ಬಟ್ಟೆ. ಪಕ್ಕದಲ್ಲಿ ಎಂಜಿಬಿ. 1962ರಿಂದ 1980ರವರೆಗೆ ತಯಾರಾದ ಪುಟ್ಟ ಸ್ಪೋರ್ಟ್ಸ್ ಕಾರು. ಅದರ ಬಂಪರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಪೆಟ್ರೋಲ್ ಟ್ಯಾಂಕ್ ಹೇಗಿದೆ ಎಂದು ಕೇಳಿದಿರೋ, ಕುಡುಕ ಮಗನ ಸಮಾಚಾರ ಕೇಳಿದವರ ಮುಂದೆ ಅಪ್ಪ ಮಾಡುವಂತೆ ಮಾತು ಮರೆಸುತ್ತಾನೆ.

ಎಂಜಿಬಿಯ ಟ್ಯಾಂಕ್ ಇರುವುದು ಡಿಕ್ಕಿಯ ಕೆಳಗೆ. ಡಿಕ್ಕಿಯ ತಳಕ್ಕೂ ಟ್ಯಾಂಕಿನ ನೆತ್ತಿಗೂ ನಡುವೆ ಒಂದು ಸಂದಿ. ಚಕ್ರ ಎರಚಿದ ಕೆಸರು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು, ಎಲ್ಲ ಅಲ್ಲಿ ಹೋಗಿ ಕೂರುತ್ತವೆ. ಹೀಗಾಗಿ ಬಗ್ಗಿ ನೋಡಿದರೂ ಕಾಣದ ಮೇಲ್ಭಾಗದಿಂದಲೇ ತುಕ್ಕು ಶುರು. ಫುಲ್ ಟ್ಯಾಂಕ್ ಮಾಡಿಸಿದ ದಿನ ತಿರುವಿನಲ್ಲಿ ಪೆಟ್ರೋಲ್ ತುಳುಕಿ ಜಿನುಗುತ್ತದೆ. ಸಾಹೇಬ ಇದಕ್ಕೆ ಕಂಡುಕೊಂಡ ಮದ್ದು ಸರಳ: ಮುಕ್ಕಾಲಿಗಿಂತ ಹೆಚ್ಚು ಹಾಕಿಸದಿರುವುದು.

“ಭಾರ ಕಡಿಮೆಯಿದ್ದರೆ ಗಾಡಿ ಹಗುರವಾಗಿ ಓಡುತ್ತೆ.”

“ಮತ್ತೆ ಈ ವಾಸನೆ?” ಎನ್ನುತ್ತಾಳೆ ಹೆಂಡತಿ.

“ಹಳೇ ಕಾರು ಅಂದಮೇಲೆ ವಾಸನೆ ಇರಲ್ವೆ?”

ಆಕೆ ಬಸ್ಸು ಹಿಡಿಯುತ್ತಾಳೆ.

ಸುರಕ್ಷತೆಯ ಬಗ್ಗೆ ಆತನಿಗೆ ಕಾಳಜಿಯೇ ಇಲ್ಲ ಎನ್ನುವಂತಿಲ್ಲ. ಬೆಂಕಿ ಆರಿಸುವ ಸಿಲಿಂಡರನ್ನು ಕೊಂಡಿದ್ದಾನೆ, ಡಿಕ್ಕಿಯಲ್ಲಿಟ್ಟಿದ್ದಾನೆ. ಅಂದರೆ ಸರಿಯಾಗಿ ಟ್ಯಾಂಕಿನ ನೆತ್ತಿಯ ಮೇಲೆ. ಕಾರಿನೊಳಗೆ ಟಿಕ್ ಟಿಕ್ ಎನ್ನುವ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪು ಮುಷ್ಕರ ಹೂಡಿದಾಗ ಸ್ಪ್ಯಾನರಿನಿಂದ ಎರಡೇಟು ಕೊಡುತ್ತಾನೆ. ಅದು ಓಡುತ್ತದೆ ಕೂಡ! ಅಷ್ಟಾದ ಮೇಲೆ ಟ್ರಯಂಫ್ ಸ್ಪಿಟ್‌ಫೈರ್ ಇಟ್ಟುಕೊಂಡ ಗೆಳೆಯನಿಗಾಗಿ ಮರುಗುತ್ತಾನೆ: “ಪಾಪ, ಅವನ ಟ್ಯಾಂಕ್ ಸೀಟಿನ ಹಿಂದೆಯೇ ಇದೆ.”

ಸರ್ಕಾರವೂ ಇವನ ಜತೆ ಸೇರಿಕೊಂಡಿದೆ. 2018ರ ಮೇ ತಿಂಗಳಿನಿಂದ, ದೊಡ್ಡ ಮಾರ್ಪಾಡು ಆಗದ ನಲವತ್ತು ವರ್ಷ ದಾಟಿದ ಕಾರುಗಳಿಗೆ ಅಲ್ಲಿ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಈತ ಅದನ್ನು ಪದಕದಂತೆ ಹೇಳಿಕೊಂಡು ತಿರುಗಿದ. 2021ರ ಸೆಪ್ಟೆಂಬರಿನಲ್ಲಿ ಬಂತು ನೋಡಿ ಇ10, ಶೇ 10ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಹಾಳುಗೆಡವುತ್ತದೆ. (ಇ20 ತುಂಬಿಸಿಕೊಳ್ಳುವ ಬೆಂಗಳೂರಿನ ಹಳೆ ಕಾರುಗಳ ಯಜಮಾನರಿಗೂ ಇದೇ ತಲೆನೋವು.) ಇಂಗ್ಲೆಂಡಿನಲ್ಲಿ ಎಥನಾಲ್ ಕಡಿಮೆಯಿರುವ ದುಬಾರಿ ಪೆಟ್ರೋಲೂ ಸಿಗುತ್ತದೆ. ಮರದ ಸ್ಟಿಯರಿಂಗಿಗೆ ನೂರಾರು ಪೌಂಡ್ ಸುರಿದ ಪುಣ್ಯಾತ್ಮ ಇಲ್ಲಿ ಮಾತ್ರ ಪೆನ್ನಿ ಎಣಿಸುತ್ತಾನೆ.

ಕೊನೆಗೊಂದು ದಿನ ಟ್ಯಾಂಕ್ ಬಿಚ್ಚಿ, ಪೆಟ್ರೋಲ್ ಚೆಲ್ಲಿ, ವೆಲ್ಡಿಂಗ್ ಅಂಗಡಿಗೆ ಹೊತ್ತೊಯ್ದ.

“ಖಾಲಿ ಇದೆ, ಹೆದರಬೇಡ.”

“ಖಾಲಿ ಇರೋದಕ್ಕೇ ಹೆದರಿಕೆ” ಎಂದು ವೆಲ್ಡರ್ ಎರಡು ಹೆಜ್ಜೆ ಹಿಂದೆ ಸರಿದ.

ಅವನ ಮಾತು ನಿಜ. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಶೇ 1.4ರಿಂದ 7.6ರಷ್ಟಿದ್ದರೆ ಸಾಕು, ಒಂದೇ ಕಿಡಿಗೆ ಸಿಡಿಯುತ್ತದೆ. ದ್ರವ ಹೋದರೂ ಆವಿ ಟ್ಯಾಂಕಿನ ಮೂಲೆಮೂಲೆಯಲ್ಲಿ ಕೂತಿರುತ್ತದೆ.

ಬೇರೆ ದಾರಿ ಕಾಣದೆ ಹೊಸ ಟ್ಯಾಂಕ್ ತಂದ, ಎಥನಾಲ್ ತಡೆಯುವ ಆರ್9 ಪೈಪುಗಳನ್ನೂ ಹಾಕಿಸಿದ. ಈಗ ಬಂಪರ್ ಹೊಗಳಲು ಬಂದವರನ್ನು ತಡೆದು, ಕೈಗೆ ಟಾರ್ಚ್ ಕೊಟ್ಟು, ಗಾಡಿಯ ಕೆಳಗೆ ಮಲಗಿಸುತ್ತಾನೆ. “ಪೈಪಿನ ಮೇಲೇನು ಬರೆದಿದೆ, ಓದಿ” ಎನ್ನುತ್ತಾನೆ. ಓದಿದವರಿಗೆ ಬಿಯರ್ ಅವನದೇ ಖರ್ಚು.