ನಾಮಫಲಕದ ನಾನಾರ್ಥ

ಅಂಗಡಿಗೆ ಇಟ್ಟ ಹೆಸರು ಮೂರು ದಾರಿಗಳಲ್ಲಿ ಅಪಾರ್ಥಕ್ಕೆ ಗುರಿಯಾಗುತ್ತದೆ. ಪಕ್ಕದ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥ ಇರಬಹುದು. ಬೇರೆ ಲಿಪಿಯಲ್ಲಿ ಬರೆದಾಗ ಅದು ಬೇರೆ ಶಬ್ದವೇ ಆಗಿಬಿಡಬಹುದು. ಭಾಷೆ, ಲಿಪಿ ಎರಡೂ ಸರಿಯಿದ್ದು ಕಾಲ ಕೆಡಬಹುದು. ಮೊದಲನೆಯ ತಪ್ಪು ನಿಘಂಟಿನದು, ಎರಡನೆಯದು ಬೋರ್ಡು ಬರೆಯುವವನದು, ಮೂರನೆಯದು ಇತಿಹಾಸದ್ದು. ದಂಡ ತೆರುವವನು ಮಾತ್ರ ಮೂರಕ್ಕೂ ಒಬ್ಬನೇ, ಅಂಗಡಿಯ ಯಜಮಾನ.

ಈ ಮೂರನ್ನೂ ಒಂದೇ ಊರಿನಲ್ಲಿ ಅಭ್ಯಾಸ ಮಾಡಲು ಹೈದರಾಬಾದಿಗಿಂತ ತಕ್ಕ ಸ್ಥಳವಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ತೆಲುಗಿನ ತೆಲಂಗಾಣ, ಮರಾಠಿಯ ಮರಾಠವಾಡ, ಕನ್ನಡದ ಬೀದರ್, ಕಲಬುರಗಿ, ರಾಯಚೂರುಗಳಿಗೆಲ್ಲ ಇದೇ ರಾಜಧಾನಿ. ಆಡಳಿತದ ಮೇಲೆ ಉರ್ದುವಿನ ಮೊಹರು. ಇಂದಿಗೂ ಇಲ್ಲಿಯ ಪೇಟೆಯಲ್ಲಿ ಗಿರಾಕಿ ತೆಲುಗಿನಲ್ಲಿ ಬೆಲೆ ಕೇಳಿ, ದಕ್ಕನಿ ಉರ್ದುವಿನಲ್ಲಿ ಚೌಕಾಸಿ ಮಾಡಿ, ಇಂಗ್ಲಿಷಿನಲ್ಲಿ ಬಿಲ್ಲು ಪಡೆಯುತ್ತಾನೆ. ಕನ್ನಡಿಗರೂ ಕಡಿಮೆಯಿಲ್ಲ, ಅವರ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಈ ನಗರದಲ್ಲಿವೆ. ಇಂಥ ಊರಿನಲ್ಲಿ ಒಂದು ಹೆಸರು ನಾಲ್ಕು ಕಿವಿಗಳನ್ನು ದಾಟಿ ಬರಬೇಕು. ನಾಲ್ಕರಲ್ಲಿ ಒಂದು ಕಿವಿ ಕಿಸಕ್ಕೆಂದರೆ ಕೆಲಸ ಕೆಟ್ಟಂತೆಯೇ.

ಮೊದಲನೆಯದು ಭಾಷೆಯ ತೊಡಕು. ಕನ್ನಡವೂ ತೆಲುಗೂ ಒಡಹುಟ್ಟಿದವು, ಲಿಪಿಯೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಅಪಾಯವಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಅಪಾಯ ಇರುವುದೇ ಅಲ್ಲಿ. ತೀರ ಅಪರಿಚಿತ ಭಾಷೆಯ ಹೆಸರನ್ನು ಜನ ಅರ್ಥ ಕೇಳದೆ ಒಪ್ಪಿಕೊಳ್ಳುತ್ತಾರೆ. ದಾಯಾದಿ ಭಾಷೆಯದಾದರೆ ಕೇಳುವ ಮೊದಲೇ ಅರ್ಥ ಮಾಡಿಕೊಂಡಿರುತ್ತಾರೆ.

ಇದಕ್ಕೆ ಪಾಠದಂತಿರುವ ಶಬ್ದ ‘ಕಂಪು’. ಕನ್ನಡಿಗನಿಗೆ ಕಂಪು ಎಂದೊಡನೆ ಮಲ್ಲಿಗೆ, ಕೇದಗೆ, ಮೊದಲ ಮಳೆಗೆ ನೆಂದ ಮಣ್ಣು ನೆನಪಾಗುತ್ತವೆ. ತೆಲುಗಿನವನಿಗೆ ಅದೇ ಶಬ್ದ ಕೇಳಿದರೆ ಕೈ ಮೂಗಿಗೆ ಹೋಗುತ್ತದೆ; ಇಂದಿನ ತೆಲುಗಿನಲ್ಲಿ ಕಂಪು ಎಂದರೆ ದುರ್ನಾತ. ಮೈಸೂರಿನ ಊದುಬತ್ತಿ ವ್ಯಾಪಾರಿಯೊಬ್ಬ ಹೈದರಾಬಾದಿನ ಕೋಠಿಯಲ್ಲಿ ಮಳಿಗೆ ತೆರೆದು, ಕನ್ನಡಾಭಿಮಾನದಿಂದ ‘ಕಂಪು’ ಎಂದು ತೆಲುಗು ಅಕ್ಷರದಲ್ಲಿ ಆಳೆತ್ತರ ಬರೆಸಿದನೆಂದು ಇಟ್ಟುಕೊಳ್ಳೋಣ. ತನ್ನ ಸರಕಿನ ಬಗ್ಗೆ ಅವನು ಸಾರಿದ್ದು ಏನೆಂಬುದು ಅವನೊಬ್ಬನನ್ನು ಬಿಟ್ಟು ಇಡೀ ಬೀದಿಗೆ ತಿಳಿದಿರುತ್ತದೆ. ಚಿಕ್ಕಮಗಳೂರಿನ ಕಾಫಿಪುಡಿಗೆ ಇದೇ ಹೆಸರಿಟ್ಟರೂ ಫಲ ಇದೇ. ಇಂಪು ಎರಡು ಭಾಷೆಗಳಲ್ಲೂ ಇಂಪೇ, ಸೊಂಪು ಎರಡರಲ್ಲೂ ಸೊಂಪೇ. ಅದೇ ಪ್ರಾಸದ ಧೈರ್ಯದಲ್ಲಿ ಕಂಪಿಗೆ ಕೈ ಹಾಕಿದವನು ಕೆಟ್ಟ.

ತೆಲುಗಿನವರನ್ನು ಇದಕ್ಕಾಗಿ ದೂರುವಂತಿಲ್ಲ. ಮೂಗಿಗೆ ಸಂಬಂಧಿಸಿದ ಪದಗಳು ಎಲ್ಲ ಕಡೆಯೂ ಬೇಗ ಹಳಸುತ್ತವೆ. ತಮಿಳಿನ ಹಳೆಯ ಕಾವ್ಯಗಳಲ್ಲಿ ಪರಿಮಳವಾಗಿದ್ದ ‘ನಾಟ್ರಂ’ ಈಗ ಗಬ್ಬು. ಕನ್ನಡದಲ್ಲಿಯೂ ‘ವಾಸನೆ ಬರುತ್ತಿದೆ’ ಎಂದು ಯಾರಾದರೂ ಹೇಳಿದರೆ ಮನೆಯವರು ಹುಡುಕುವುದು ಹೂವನ್ನಲ್ಲ, ಸತ್ತ ಇಲಿಯನ್ನು.

ಇದೇ ಜಾತಿಯ ಬೇರೆ ಶಬ್ದಗಳನ್ನು ತೀವ್ರತೆಯ ಕ್ರಮದಲ್ಲಿ ಜೋಡಿಸಬಹುದು. ‘ಊಟ’ ನಿರಪಾಯಕಾರಿ, ತೆಲುಗಿನಲ್ಲಿ ಅದು ನೀರಿನ ಒಸರು, ಬುಗ್ಗೆ. ಊಟದ ಮನೆಗೆ ಬಂದವನು ಒರತೆಯನ್ನು ನಿರೀಕ್ಷಿಸಿದರೂ ತಿಳಿಸಾರು ಬಡಿಸಿ ಸಮಾಧಾನ ಮಾಡಬಹುದು. ‘ದೊಡ್ಡಿ’ ಇನ್ನೂ ಒಂದು ಮೆಟ್ಟಿಲು ಕೆಳಗೆ. ಕನ್ನಡದಲ್ಲಿ ಅದು ದನಕುರಿ ಕೂಡುವ ಜಾಗ, ಎಷ್ಟೋ ಹಳ್ಳಿಗಳ ಹೆಸರಿನ ಬಾಲ. ಹಳ್ಳಿಯ ಸೊಗಡು ಬೇಕೆಂದು ಬಾಡೂಟದ ಹೋಟೆಲಿಗೆ ಯಾರಾದರೂ ಈ ಹೆಸರನ್ನು ಇಟ್ಟಾರು. ತೆಲುಗಿನಲ್ಲಿಯೂ ದೊಡ್ಡಿಗೆ ದನದ ಅರ್ಥ ಇದೆ. ಆದರೆ ಮನೆಯ ಮಾತಿನಲ್ಲಿ ‘ದೊಡ್ಡಿಗೆ ಹೋಗುವುದು’ ಎಂದರೆ ಊಟದ ಪೂರ್ವಭಾಗವಲ್ಲ, ಉತ್ತರಭಾಗ.

ಉರ್ದು, ಹಿಂದಿಗಳ ಕಿವಿ ಇನ್ನೂ ಸೂಕ್ಷ್ಮ. ಕನ್ನಡ ಕಾವ್ಯದಲ್ಲಿ ಮಾವಿಗೆ ಸಂಸ್ಕೃತದಿಂದ ಬಂದ ‘ಚೂತ’ ಎಂಬ ಸೊಗಸಾದ ಹೆಸರಿದೆ. ಕೋಗಿಲೆಗಳು ಕೂತು ಹಾಡುವುದು ಚೂತವನದಲ್ಲೇ. ಪಂಡಿತರೊಬ್ಬರು ಮಾವಿನಹಣ್ಣಿನ ರಸದ ಅಂಗಡಿಗೆ ಈ ಹೆಸರನ್ನು ಸೂಚಿಸಿದರೆ ಅವರಿಗೆ ಶಾಲು ಹೊದಿಸಿ ಕಳಿಸಬೇಕೇ ಹೊರತು ಹೈದರಾಬಾದಿನಲ್ಲಿ ಬೋರ್ಡು ಬರೆಸಬಾರದು. ಹಿಂದಿಯಲ್ಲಿ ಆ ಶಬ್ದಕ್ಕಿರುವ ಅರ್ಥವನ್ನು ಕೌಟುಂಬಿಕ ಪತ್ರಿಕೆಗಳು ಅಚ್ಚು ಹಾಕುವುದಿಲ್ಲ. ಹುಬ್ಬಳ್ಳಿಯ ಕಡೆಯವರು ಹೆಮ್ಮೆಯಿಂದ ಹೇಳಿಕೊಳ್ಳುವ ‘ಗಂಡುಮೆಟ್ಟಿನ ನಾಡು’ ಎಂಬ ಬಿರುದೂ ಅಷ್ಟೇ. ಜೋಳದ ರೊಟ್ಟಿಯ ಖಾನಾವಳಿಗೆ ಅದನ್ನು ಇಟ್ಟರೆ ಮೊದಲ ಎರಡಕ್ಷರ ಓದಿದ ಹಿಂದಿಯವನು ಉಳಿದದ್ದನ್ನು ಓದುವ ಸ್ಥಿತಿಯಲ್ಲಿ ಇರುವುದಿಲ್ಲ. ತನ್ನನ್ನೇ ಯಾರೋ ಬೈದರೆಂದು ಮಾಲೀಕನನ್ನು ಹುಡುಕುತ್ತಿರುತ್ತಾನೆ.

ಎರಡನೆಯದು ಲಿಪಿಯ ತೊಡಕು. ಇಂಗ್ಲಿಷ್ ಅಕ್ಷರಗಳಿಗೆ ಹ್ರಸ್ವ-ದೀರ್ಘವಾಗಲಿ, ತ-ಟಗಳ ಭೇದವಾಗಲಿ ಗೊತ್ತಿಲ್ಲ. ಉರ್ದು ಲಿಪಿ ಸಾಮಾನ್ಯವಾಗಿ ಹ್ರಸ್ವ ಸ್ವರಗಳನ್ನು ಬರೆಯುವುದೇ ಇಲ್ಲ. ಓದುವವನೇ ತುಂಬಿಕೊಳ್ಳಬೇಕು, ತುಂಬಿಕೊಳ್ಳುವಾಗ ತನಗೆ ಪರಿಚಿತವಾದದ್ದನ್ನೇ ತುಂಬಿಕೊಳ್ಳುತ್ತಾನೆ. ಬಿಡದಿಯ ತಟ್ಟೆ ಇಡ್ಲಿ ಈ ಲಿಪಿಸಂಕಟದ ಖಾಯಂ ಫಲಾನುಭವಿ. ‘ತ’ಕಾರ ಜಾರಿ ‘ಟ’ಕಾರವಾದರೆ ಹಿಂದಿಯ ಕಿವಿಗೆ ಕೇಳುವುದು ದೊಡ್ಡಿಗೆ ಹೋಗಿ ಮಾಡುವ ಕೆಲಸ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಕ್ಷರದ ಪಕ್ಕ ದಕ್ಷಿಣದವರು ತಪ್ಪದೆ ಇಡುವ ‘ಎಚ್’ ಅಕ್ಷರವೊಂದೇ ಈ ಇಡ್ಲಿಯ ಮಾನ ಕಾಯುತ್ತಿದೆ. ಹೈದರಾಬಾದಿನ ಅಂಗಡಿ ಬೆಂಗಳೂರಿಗೆ ಬಂದರೆ ಇನ್ನೊಂದು ಪರೀಕ್ಷೆ ಕಾದಿದೆ: 2024ರ ತಿದ್ದುಪಡಿ ಕಾಯ್ದೆಯ ಪ್ರಕಾರ ನಾಮಫಲಕದ ಶೇ 60ರಷ್ಟು ಕನ್ನಡದಲ್ಲಿರಬೇಕು. ಇಂಗ್ಲಿಷಿನಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದ್ದ ಹೆಸರು ಕನ್ನಡದಲ್ಲಿ ಕಾಗುಣಿತ ಸಹಿತ ಬಾಯಿ ಬಿಡಲೇಬೇಕಾಗುತ್ತದೆ.

ಹೆಸರು ಉದ್ದವಾದಷ್ಟೂ ಕ್ಷೇಮ ಎಂದು ಕೆಲವರು ಭಾವಿಸುತ್ತಾರೆ. ಆದರೆ ಜನ ಉದ್ದ ಹೆಸರನ್ನು ಹೇಳುವುದಿಲ್ಲ, ಮೊದಲಕ್ಷರಗಳನ್ನು ಕೂಡಿಸುತ್ತಾರೆ. ‘ಬೀದರ್ ಅಗರಬತ್ತಿ ಡಿಪೋ’ ಎಂದು ಇಂಗ್ಲಿಷಿನಲ್ಲಿ ಬರೆಸಿದವನ ಅಂಗಡಿ ಮೂರೇ ದಿನದಲ್ಲಿ ‘ಬ್ಯಾಡ್’ ಆಗುತ್ತದೆ.

ಇಷ್ಟೆಲ್ಲ ಹೆದರಿಕೆಯ ನಡುವೆ ವ್ಯಾಪಾರಿಗಳು ಕಂಡುಕೊಂಡ ಸುರಕ್ಷಿತ ಮಾರ್ಗವೆಂದರೆ ಊರಿನ ಹೆಸರು. ಊರಿಗೆ ಅರ್ಥವಿರುವುದಿಲ್ಲ, ಇದ್ದರೂ ಯಾರೂ ಕೇಳುವುದಿಲ್ಲ. ಉಡುಪಿ ಎಂಬ ಮೂರಕ್ಷರ ಹೀಗೆಯೇ ದೇಶವಿಡೀ ಇಡ್ಲಿ, ದೋಸೆಗಳ ಜಾಮೀನಾಗಿದೆ. ಹೈದರಾಬಾದಿನಲ್ಲೂ ಅದಕ್ಕೆ ಚ್ಯುತಿ ಬಂದಿಲ್ಲ. ಆದರೆ ಈ ಮಾರ್ಗದಲ್ಲೂ ಮುಳ್ಳಿದೆ. ಅದನ್ನು ತೋರಿಸುವುದೇ ಮೂರನೆಯ ತೊಡಕು, ಕಾಲ.

ದೇಶ ವಿಭಜನೆಯಾದಾಗ ಕರಾಚಿ ಬಿಟ್ಟು ಬಂದ ಸಿಂಧಿ ಕುಟುಂಬದ ಖಾನ್‌ಚಂದ್ ರಾಮ್‌ನಾನಿ 1953ರಲ್ಲಿ ಹೈದರಾಬಾದಿನ ಮೊಅಜ್ಜಂ ಜಾಹಿ ಮಾರುಕಟ್ಟೆಯ ಬಳಿ ಬೇಕರಿ ತೆರೆದರು. ಬಿಟ್ಟು ಬಂದ ಊರಿನ ಹೆಸರನ್ನೇ ಅದಕ್ಕೆ ಇಟ್ಟರು: ಕರಾಚಿ ಬೇಕರಿ. ಅದರ ಫ್ರೂಟ್ ಬಿಸ್ಕತ್ತು ಇಲ್ಲದೆ ಹೈದರಾಬಾದಿನಿಂದ ಹಿಂದಿರುಗಿದವರನ್ನು ಮನೆಯ ಮಕ್ಕಳು ಬಾಗಿಲಲ್ಲೇ ವಿಚಾರಿಸಿಕೊಳ್ಳುತ್ತಾರೆ. ಆ ಹೆಸರಿನಲ್ಲಿ ಯಾವ ಭಾಷೆಯಲ್ಲೂ ಅಶ್ಲೀಲವಿಲ್ಲ, ಯಾವ ಲಿಪಿಯಲ್ಲೂ ಅಪಭ್ರಂಶವಿಲ್ಲ. ಆದರೂ 2019ರ ಫೆಬ್ರುವರಿಯಲ್ಲಿ, ಪುಲ್ವಾಮಾ ದಾಳಿಯ ಬಳಿಕ, ಬೆಂಗಳೂರಿನ ಇಂದಿರಾನಗರದ ಮಳಿಗೆಯ ಮುಂದೆ ಗುಂಪು ಸೇರಿದ್ದರಿಂದ ಫಲಕದ ಮೇಲಿನ ‘ಕರಾಚಿ’ಯನ್ನು ಮುಚ್ಚಬೇಕಾಯಿತು. ‘ಬೇಕರಿ’ ಎಂಬ ಶಬ್ದ ಮಾತ್ರ ನಿರಪರಾಧಿಯಾಗಿ ಹೊರಗೆ ಉಳಿಯಿತು. 2025ರ ಮೇ ತಿಂಗಳಿನಲ್ಲಿ ಭಾರತ–ಪಾಕಿಸ್ತಾನ ಸಂಘರ್ಷದ ಹೊತ್ತಿಗೆ ಹೈದರಾಬಾದಿನ ಹೊರವಲಯದ ಶಂಶಾಬಾದಿನ ಮಳಿಗೆಯ ಫಲಕಕ್ಕೆ ಏಟು ಬಿದ್ದವು. ತಾವು ಅಪ್ಪಟ ಭಾರತೀಯರೆಂದು ಮಾಲೀಕರು ಹೇಳಿಕೆ ಕೊಟ್ಟರು. ಕರಾಚಿಯಿಂದ ಓಡಿ ಬಂದವರೇ ಕರಾಚಿಯ ಪರವಾಗಿ ಪೆಟ್ಟು ತಿಂದದ್ದು ಈ ಶಾಸ್ತ್ರದ ಅತಿ ವಿಚಿತ್ರ ಉದಾಹರಣೆ.

ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲೂ ಒಂದು ಹೈದರಾಬಾದ್ ಇದೆ. ಅಲ್ಲಿಯ ಹೆಸರಾಂತ ಬೇಕರಿ 1911ರಲ್ಲಿ ಶುರುವಾದದ್ದು. ಅದರ ಹೆಸರು ಬಾಂಬೆ ಬೇಕರಿ. ಈ ಹೈದರಾಬಾದಿನ ಕರಾಚಿ, ಆ ಹೈದರಾಬಾದಿನ ಬಾಂಬೆ ಎರಡನ್ನೂ ಅದಲು ಬದಲು ಮಾಡಿದರೆ ಎರಡು ದೇಶಗಳ ಬೋರ್ಡುಗಳೂ ಸರಿಹೋಗಬಹುದು. ಬಿಸ್ಕತ್ತು, ಕೇಕುಗಳ ಗತಿ ಏನೆಂದು ಹೇಳುವಂತಿಲ್ಲ.

ಅದೇ 2025ರ ಮೇ ತಿಂಗಳಿನಲ್ಲಿ ಜೈಪುರದ ಮಿಠಾಯಿ ಅಂಗಡಿಯೊಂದು ಮೈಸೂರು ಪಾಕಿನಿಂದ ‘ಪಾಕ’ವನ್ನು ಕಿತ್ತು ‘ಮೈಸೂರು ಶ್ರೀ’ ಎಂದು ನಾಮಕರಣ ಮಾಡಿತು. ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ಮೊದಲು ಕುದಿಸಿದ್ದೆಂದು ಹೇಳುವ ಆ ಪಾಕ ಸಕ್ಕರೆಯದು. ಗಡಿಯಾಚೆಗೂ ಅದಕ್ಕೂ ಕೊಡು-ಕೊಳ್ಳುವ ವ್ಯವಹಾರವಿಲ್ಲ. ಈ ತರ್ಕವನ್ನು ಮುಂದುವರಿಸಿದರೆ ನಳಪಾಕ, ಭೀಮಪಾಕಗಳಿಗೆ ವೀಸಾ ಕೇಳಬೇಕಾದೀತು.

ಕಾಲ ಯಾವಾಗ ಕೆಡುತ್ತದೆಂದು ದೊಡ್ಡ ಕಂಪನಿಗಳಿಗೂ ತಿಳಿಯುವುದಿಲ್ಲ. ಟಾಟಾ ಮೋಟರ್ಸ್ 2015ರ ಕೊನೆಯಲ್ಲಿ ತನ್ನ ಹೊಸ ಸಣ್ಣ ಕಾರಿಗೆ ‘ಜಿಕಾ’ ಎಂದು ಹೆಸರಿಟ್ಟಿತು. 2016ರ ಫೆಬ್ರುವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಜಿಕಾ ವೈರಸ್ಸಿನ ವಿಷಯದಲ್ಲಿ ಜಾಗತಿಕ ತುರ್ತುಸ್ಥಿತಿ ಸಾರಿತು. ಸೊಳ್ಳೆ ಹರಡುವ ರೋಗದೊಂದಿಗೆ ಹೆಸರು ಹಂಚಿಕೊಳ್ಳುವುದು ಬೇಡವೆಂದು ಕಾರು ‘ಟಿಯಾಗೊ’ ಆಯಿತು. ಭಾಷೆಯ ತೊಡಕೂ ಅವುಗಳನ್ನು ಬಿಟ್ಟಿಲ್ಲ: ಮಿತ್ಸುಬಿಷಿಯ ಪಜೇರೊ ಕಾರಿನ ಹೆಸರು ಸ್ಪ್ಯಾನಿಷ್ ಭಾಷೆಯಲ್ಲಿ ಬೈಗುಳವಾದ್ದರಿಂದ ಆ ಭಾಷೆಯ ದೇಶಗಳಲ್ಲಿ ಅದು ‘ಮೊಂಟೇರೊ’ ಎಂದು ಓಡಿತು. ‘ಹೋಗುವುದಿಲ್ಲ’ ಎಂಬ ಅರ್ಥ ಬಂದದ್ದರಿಂದ ಷೆವ್ರೊಲೆಯ ನೋವಾ ಕಾರು ಆ ದೇಶಗಳಲ್ಲಿ ಮಾರಾಟವಾಗಲಿಲ್ಲ ಎಂಬ ಪ್ರಸಿದ್ಧ ಕಥೆ ಮಾತ್ರ ಕಟ್ಟುಕಥೆ. ಅದು ಮೆಕ್ಸಿಕೊ, ವೆನೆಜುವೆಲಾಗಳಲ್ಲಿ ಚೆನ್ನಾಗಿಯೇ ಮಾರಾಟವಾಯಿತು.

ಇನ್ನು ಕಾನೂನು. ಜನರ ಯಾವುದೇ ವರ್ಗಕ್ಕೆ ಅವಮಾನವಾಗುವ ಶಬ್ದ ಕಂಪನಿಯ ಹೆಸರಿನಲ್ಲಿ ಇರಬಾರದೆಂದು ಕಂಪನಿ ನಿಯಮಗಳು ಹೇಳುತ್ತವೆ. ಅಶ್ಲೀಲವಾದ, ಧಾರ್ಮಿಕ ಭಾವನೆಗೆ ನೋವಾಗುವ ಗುರುತುಗಳನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ತಡೆಯುತ್ತದೆ. ದೇವರ ಹೆಸರಿನ ವಿಷಯದಲ್ಲಿ ಜನರ ಸಹನೆ ದೊಡ್ಡದು: ಗಣೇಶ ಬೀಡಿ ಸೇದಿ ಗಣಪತಿಗೆ ಕೈ ಮುಗಿದವರಿಗೆ ಎರಡರ ನಡುವೆ ವಿರೋಧ ಕಾಣಲಿಲ್ಲ. ಆದರೆ ‘ರಾಮಾಯಣ್’ ಎಂಬ ಹೆಸರನ್ನು ಊದುಬತ್ತಿಗೆ ತನ್ನದೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೊರಟವರಿಗೆ, ಧರ್ಮಗ್ರಂಥದ ಹೆಸರು ಒಬ್ಬರ ಸೊತ್ತಲ್ಲವೆಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಕಾನೂನಿನ ಕಿವಿಗೂ ಮಿತಿಯಿದೆ. ಹೈದರಾಬಾದಿನಲ್ಲಿ ಹುಟ್ಟುವ ಕಂಪನಿಯ ಹೆಸರನ್ನು ಪರಿಶೀಲಿಸುವ ಕೇಂದ್ರೀಯ ನೋಂದಣಿ ಕೇಂದ್ರ ಇರುವುದು ಹರಿಯಾಣದ ಮಾನೇಸರದಲ್ಲಿ. ಅಲ್ಲಿಯ ಅಧಿಕಾರಿಗೆ ‘ಕಂಪು’ ಕನ್ನಡದಲ್ಲಿ ಸುವಾಸನೆಯೆಂದೂ ಗೊತ್ತಿರಬೇಕಿಲ್ಲ, ತೆಲುಗಿನಲ್ಲಿ ದುರ್ವಾಸನೆಯೆಂದೂ ಗೊತ್ತಿರಬೇಕಿಲ್ಲ. ಇನ್ನೊಂದು ಕಂಪನಿಗೆ ಅದೇ ಹೆಸರೋ ಅದನ್ನು ಹೋಲುವ ಹೆಸರೋ ಇಲ್ಲದಿದ್ದರೆ ಸಾಮಾನ್ಯವಾಗಿ ಒಪ್ಪಿಗೆ ಬರುತ್ತದೆ. ಟ್ರೇಡ್‌ಮಾರ್ಕ್ ಅರ್ಜಿ ಚೆನ್ನೈಗೆ ಹೋಗುತ್ತದೆ. ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ತಕರಾರು ಎತ್ತಬಹುದು. ಆದರೆ ನಗುವವರು ಯಾರೂ ತಕರಾರು ಎತ್ತುವುದಿಲ್ಲ. ಅವರಿಗೆ ಬೋರ್ಡು ಉಳಿಯುವುದೇ ಬೇಕು.

ಆದ್ದರಿಂದ ಪರೀಕ್ಷೆಯನ್ನು ವ್ಯಾಪಾರಿಯೇ ಮಾಡಿಕೊಳ್ಳಬೇಕು. ಆಯ್ದ ಹೆಸರನ್ನು ಮೊದಲು ಕನ್ನಡ, ತೆಲುಗು, ಉರ್ದು, ಹಿಂದಿ, ಇಂಗ್ಲಿಷ್ ಲಿಪಿಗಳಲ್ಲಿ ಬರೆಸಿ, ಅದರ ಅರ್ಥ ಗೊತ್ತಿಲ್ಲದವರಿಂದ ಓದಿಸಬೇಕು. ಆಮೇಲೆ ಗದ್ದಲದ ಜಾಗದಿಂದ ಫೋನಿನಲ್ಲಿ ಹೇಳಿ, ಆಚೆಯವರಿಗೆ ಏನು ಕೇಳಿಸಿತೆಂದು ವಿಚಾರಿಸಬೇಕು. ಮೊದಲಕ್ಷರಗಳನ್ನು ಕೂಡಿಸಿ ನೋಡಬೇಕು. ಅಭಿಪ್ರಾಯ ಕೇಳುವಾಗ ಮನೆಯವರನ್ನು ಬಿಡಬೇಕು, ಅವರು ಯಾವ ಹೆಸರನ್ನೂ ಚೆನ್ನಾಗಿದೆ ಎನ್ನುತ್ತಾರೆ. ಸಂಖ್ಯಾಶಾಸ್ತ್ರಿಗಳನ್ನು ಬಿಡಬೇಕು, ಅವರು ಇನ್ನೊಂದು ‘ಎ’ ಸೇರಿಸಿ ಕಳಿಸುತ್ತಾರೆ. ಆಟೋ ಚಾಲಕರನ್ನು, ತರಕಾರಿ ಮಾರುವವರನ್ನು, ಮುಖ್ಯವಾಗಿ ಹುಡುಗರನ್ನು ಕೇಳಬೇಕು. ಹೆಸರಿನಲ್ಲಿ ಅಡಗಿರುವ ಅಪಾರ್ಥವನ್ನು ಹೊರಗೆಳೆಯುವಲ್ಲಿ ಎಂಟನೇ ತರಗತಿಯ ಕೊನೆಯ ಬೆಂಚಿಗೆ ಸಮನಾದ ಸಂಶೋಧನಾ ಸಂಸ್ಥೆ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಅವರು ಮುಖ ಮುಖ ನೋಡಿಕೊಂಡು ಮುಸಿಮುಸಿ ನಕ್ಕರೆ ಕಾರಣ ಕೇಳುವ ಅಗತ್ಯವಿಲ್ಲ, ಹೆಸರು ಬದಲಿಸಬೇಕು.

ಭಾಷೆ, ಲಿಪಿಗಳ ಅಪಾಯ ಹೀಗೆ ಬಗೆಹರಿಯುತ್ತದೆ. ಕಾಲದ ಅಪಾಯಕ್ಕೆ ಮದ್ದಿಲ್ಲ. 1953ರಲ್ಲಿ ಯಾರನ್ನು ಕೇಳಿದ್ದರೂ 2019ರ ಸುದ್ದಿ ಹೇಳುತ್ತಿರಲಿಲ್ಲ. ಕರಾಚಿ ಬೇಕರಿ ಇವತ್ತಿಗೂ ಅದೇ ಹೆಸರಿನಲ್ಲಿ ನಡೆಯುತ್ತಿದೆ, ಗಿರಾಕಿಗಳು ಅದೇ ಬಿಸ್ಕತ್ತು ಕೇಳುತ್ತಿದ್ದಾರೆ. ಅಂಗಡಿ ಇಡುವವರು ಬೋರ್ಡು ಬರೆಸುವುದನ್ನು ಒಂದು ವಾರ ಮುಂದೂಡಿ ನಾಲ್ಕು ಭಾಷೆಯವರನ್ನು ಕೇಳಲಿ. ಆ ಮೇಲೆ ಹೆಸರಿನ ಚಿಂತೆ ಬಿಟ್ಟು ಸರಕಿನ ಕಡೆ ಗಮನ ಕೊಡಲಿ.