ತುಕ್ಕುಮೀಮಾಂಸೆ

ಪ್ರಸ್ತುತ ಅಧ್ಯಯನಕ್ಕೆ ಆಧಾರವಾದ ಏಕೈಕ ಪ್ರತಿ ಉಡುಪಿಯ ಕಡಲಿನಿಂದ ಎರಡು ಫರ್ಲಾಂಗು ದೂರದ ನಮ್ಮ ಅಂಗಳದಲ್ಲಿ ನಿಂತಿದೆ. 1996ರ ಮಾಡೆಲ್ ಕಾರು. ಹೆಸರಿನ ಅಕ್ಷರಗಳೆಲ್ಲ ಉದುರಿ ಲುಪ್ತವಾಗಿರುವುದರಿಂದ ಕರ್ತೃನಿರ್ಣಯಕ್ಕೆ ಇಲ್ಲಿ ಕೈಹಾಕಿಲ್ಲ. ಬಾಗಿಲುಗಳ ಕೆಳಅಂಚು, ಮಡ್‌ಗಾರ್ಡಿನ ಒಳಮೈ, ಕಾಲಡಿಯ ಫ್ಲೋರ್, ಈ ಮೂರು ಕಡೆ ಪಾಠ ತ್ರುಟಿತವಾಗಿದೆ.

ಕಬ್ಬಿಣ, ಆಮ್ಲಜನಕ, ನೀರು ಎಂಬ ತ್ರಿಪುಟಿಯಿಂದ ತುಕ್ಕು ಹುಟ್ಟುತ್ತದೆ. ಕಡಲಗಾಳಿಯ ಉಪ್ಪು ಆ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವಂತೆ ಮಾಡಿ ಕೆಲಸವನ್ನು ಚುರುಕುಗೊಳಿಸುತ್ತದೆ. ಉಪ್ಪು ತಿಂದವ ನೀರು ಕುಡಿಯಲೇಬೇಕೆಂದ ಗಾದೆಕಾರ ಕರಾವಳಿಯಲ್ಲಿ ಕಾರು ಸಾಕಿದ್ದನೆಂದು ನಮ್ಮ ಊಹೆ. ಅದೇ ತುಕ್ಕನ್ನು ಉಜ್ಜುವ ಸಾಧನಕ್ಕೂ ಕನ್ನಡದಲ್ಲಿ ಉಪ್ಪುಕಾಗದವೆಂದೇ ಹೆಸರು. ಭಾಷಾವಿಜ್ಞಾನಿಗಳು ಗಮನಿಸಬೇಕು.

ನೀರು ಬಂದದ್ದೆಲ್ಲಿಂದ? ಕೆಳಗಿನಿಂದ ಎಂಬುದು ಪೂರ್ವಪಕ್ಷ. ಮೇಲಿನಿಂದ ಎಂಬುದು ಹೆಂಡತಿಯ ಪಕ್ಷ. ಕಾರ್ಪೆಟ್ ಎತ್ತಿದಾಗ ಎರಡನೆಯದೇ ಸಿದ್ಧಾಂತವಾಯಿತು. ಮುಂದಿನ ಗಾಜಿನ ಬೀಡಿಂಗ್ ಒಣಗಿ ಸೀಳಿತ್ತು. ಅಲ್ಲಿಂದಿಳಿದ ಮಳೆನೀರನ್ನು ಮ್ಯಾಟಿನಡಿಯ ಸ್ಪಂಜು ಆಟಿಯಿಂದ ದೀಪಾವಳಿಯವರೆಗೆ ಜೋಪಾನ ಮಾಡಿತ್ತು. ಬಾಗಿಲಡಿಯ ನೀರಿಳಿಯುವ ತೂತುಗಳಲ್ಲಿ ಮಣ್ಣು ಕೂತಿತ್ತು. ಹಿಡಿಸೂಡಿ ಕಡ್ಡಿಯೊಂದರಿಂದ ಹತ್ತು ನಿಮಿಷದಲ್ಲಿ ಮುಗಿಯುವ ಈ ಕೆಲಸ ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲ. (‘ಯಾರಿಗೂ’ ಎಂಬಲ್ಲಿ ‘ನನಗೆ’ ಎಂಬ ಪಾಠಾಂತರವುಂಟು.)

ಚಿಕಿತ್ಸೆಯಲ್ಲಿ ಎರಡು ದರ್ಶನಗಳು. ಪುಟ್ಟಿ ಮೆತ್ತಿ ಪೇಂಟ್ ಹೊಡೆಯುವವರು ಮಾಯಾವಾದಿಗಳು: ಕಾಣುವ ಬಾಡಿ ವಸ್ತುತಃ ಇಲ್ಲ. ಪುಟ್ಟಿಯಡಿ ತುಕ್ಕು ತನ್ನ ಪಾಡಿಗೆ ತಿನ್ನುತ್ತಿದ್ದು, ಒಂದೆರಡು ಮಳೆಗಾಲದಲ್ಲಿ ಗುಳ್ಳೆಯೆದ್ದು ಮಾಯೆ ಹರಿಯುತ್ತದೆ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವವರು ದ್ವೈತಿಗಳು: ಹಳೆ ತಗಡು ಬೇರೆ, ಹೊಸ ತಗಡು ಬೇರೆ, ಭೇದ ಸತ್ಯ. ಉಡುಪಿಯಲ್ಲಿ ಗೆಲ್ಲುವುದು ಯಾವುದೆಂದು ಹೇಳಬೇಕಾಗಿಲ್ಲ. ನಮ್ಮ ಟಿಂಕರ್ ಸ್ಕ್ರೂಡ್ರೈವರಿನಿಂದ ಫ್ಲೋರನ್ನು ಮೆಲ್ಲಗೆ ಕುಟ್ಟಿದರು. ಸ್ಕ್ರೂಡ್ರೈವರ್ ಗ್ಯಾರೇಜಿನ ನೆಲ ಮುಟ್ಟಿತು. “ಇದ್ರಲ್ಲಿ ಕಾರು ಎಲ್ಲುಂಟು ಮಾರಾಯ್ರೆ? ಪೇಂಟ್ ಮಾತ್ರ ಉಳಿದದ್ದು” ಎಂದರು. ಶೂನ್ಯವಾದವನ್ನು ಇಷ್ಟು ಸುಲಭವಾಗಿ ಯಾವ ಭಾಷ್ಯಕಾರನೂ ತಿಳಿಸಿದ್ದಿಲ್ಲ.

ವಿಧಿ ಹೀಗಿದೆ. ಬ್ಯಾಟರಿ ಕಳಚಿ, ಕಾರ್ಪೆಟ್ ಕಿತ್ತು, ಗಟ್ಟಿ ತಗಡು ಸಿಗುವ ತನಕ ಕತ್ತರಿಸಬೇಕು. ಉಳಿದ ಮೇಲ್ತುಕ್ಕನ್ನು ತಂತಿ ಬ್ರಷ್‌ನಲ್ಲಿ ಕೆರೆದು ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿದರೆ ಅದು ಕಪ್ಪಾಗಿ, ಕಬ್ಬಿಣದ ಫಾಸ್ಫೇಟ್ ಆಗಿ ನಿಲ್ಲುತ್ತದೆ. ದೆಹಲಿಯ ಕಬ್ಬಿಣದ ಕಂಬ ಸುಮಾರು 1,600 ವರ್ಷ ಬಾಳಲು ಇಂಥದೇ ಫಾಸ್ಫೇಟ್ ಪದರ ಮುಖ್ಯ ಕಾರಣ. ಆದರೆ ಆ ಕಂಬವನ್ನು ಯಾರೂ ಮೀನು ತರಲು ಮಲ್ಪೆಗೆ ಒಯ್ದಿಲ್ಲ. ವೆಲ್ಡಿಂಗ್ ಆದಮೇಲೆ ಎರಡೂ ಬದಿಗೆ ಪ್ರೈಮರ್, ಜೋಡಣೆಗೆ ಸೀಲಂಟ್, ಕೊನೆಗೆ ಅಡಿಗೆ ಕರಿ ಕೋಟಿಂಗ್. ತುಕ್ಕಿನ ಮೇಲೇ ಕೋಟಿಂಗ್ ಬಳಿದರೆ ಕಳ್ಳನನ್ನು ಒಳಗಿಟ್ಟು ಬೀಗ ಹಾಕಿದಂತೆ.

ಸದ್ಯ ಮುಂದಿನ ಫ್ಲೋರ್ ದ್ವೈತದಲ್ಲಿದೆ, ಹಿಂದಿನದು ಇನ್ನೂ ಶೂನ್ಯದಲ್ಲಿ. ಆ ಕೆಲಸ ಮುಗಿಯುವವರೆಗೆ ಹಿಂದಿನ ಸೀಟಿನ ವಿದ್ವಾಂಸರು ಪದ್ಮಾಸನದಲ್ಲೇ ಕೂರಬೇಕಾಗಿ ವಿನಂತಿ.